ಹೇಳುವವರಿದ್ದಾರೆ, ಕೇಳುವವರಿಲ್ಲ

ಮೊನ್ನೆ ಗೋವಾದ ವಾಸ್ಕೋದಲ್ಲಿ ಪರಿಚಯದವರೊಬ್ಬರ ಮನೆಗೆ ಹೋಗಿದ್ದೆ. ವಿಜಯಪುರದ ಕಡೆಯಿಂದ ದುಡಿಯಲು ಬಂದು ಇಲ್ಲೇ ನೆಲೆನಿಂತ ಕುಟುಂಬ. ಮಗಳು ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಳೆ. ಆನ್‌ಲೈನ್ ಪಾಠದ ತಾಣ ‘ಸ್ವಯಂ’ನಲ್ಲಿ ಸೇರಿದ್ದ ಕೋರ್ಸು ಎಲ್ಲಿಗೆ ಬಂತಮ್ಮ ಎಂದೆ. “ಮೂರನೇ ವಾರಕ್ಕ ಬಿಟ್ಟೆ ರೀ ಕಾಕಾ.” ಯಾಕೆ ಎಂದಿದ್ದಕ್ಕೆ ಕೊಂಚ ಯೋಚಿಸಿ ಹೇಳಿದಳು: “ಬಿಟ್ಟರೂ ಯಾರೂ ಕೇಳಲಿಲ್ಲ ರೀ.”

ನೆಟ್‌ವರ್ಕ್ ಸಿಗಲ್ಲ, ಇಂಗ್ಲಿಷ್ ತಿಳಿಯಲ್ಲ ಎಂಬ ಉತ್ತರಕ್ಕೆ ನಾನು ಸಿದ್ಧನಾಗಿದ್ದೆ. ಇದಕ್ಕಲ್ಲ.

ಲಗಾಮಿಲ್ಲದ ಮನೆಗೆ ‘ಹೇಳುವವರು ಕೇಳುವವರು ಇಲ್ಲ’ ಎನ್ನುತ್ತೇವೆ. ಆನ್‌ಲೈನ್ ಪಾಠದಲ್ಲಿ ಹೇಳುವವರಿಗೇನೂ ಬರವಿಲ್ಲ. 2003ರಲ್ಲಿ ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ಆನ್‌ಲೈನ್ ಪಾಠಗಳ ಎನ್‌ಪಿಟೆಲ್ ಯೋಜನೆ ಆರಂಭಿಸಿದವು. 2017ರಲ್ಲಿ ಕೇಂದ್ರ ಸರ್ಕಾರದ ಸ್ವಯಂ ಬಂತು. ಕೊರೊನಾ ಕಾಲದಲ್ಲಿ ಗೋವಾದ ಉನ್ನತ ಶಿಕ್ಷಣ ನಿರ್ದೇಶನಾಲಯ ಇಲ್ಲಿನ ಕಾಲೇಜು ಅಧ್ಯಾಪಕರ ಪಾಠಗಳನ್ನೇ ಚಿತ್ರೀಕರಿಸಿ ‘ದಿಷ್ಟಾವೊ’ ಹೆಸರಿನಲ್ಲಿ ಯೂಟ್ಯೂಬಿಗೆ ಹಾಕಿಸಿತು. ಕೊಂಕಣಿಯ ದಿಷ್ಟಾವೊ ಎಂದರೆ ನೋಟ. ಮಕ್ಕಳಿಗೆ ಪಾಠ ಕಾಣುತ್ತದೆ, ಸರಿ. ಪಾಠ ಮಾಡುವವರಿಗೆ ಮಕ್ಕಳು ಕಾಣುವುದಿಲ್ಲ.

ಈಗಿನವರಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲ ಎನ್ನುವವರು 2020ನ್ನು ನೆನೆಯಬೇಕು. ಸಾಂಗೆ ತಾಲ್ಲೂಕಿನ ಕಾಡಂಚಿನ ಹಳ್ಳಿಗಳ ಹುಡುಗ ಹುಡುಗಿಯರು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದು ಆಗಲೇ. ಫೋನಿನ ಆ ತುದಿಯಲ್ಲಿ ತಮ್ಮ ಹೆಸರು ಗೊತ್ತಿದ್ದ ಮೇಷ್ಟ್ರು ಇದ್ದರು. ಅದೇ ಮಕ್ಕಳ ಕೈಗೆ ಇಂದು ಯಾವಾಗ ಬೇಕಾದರೂ ನೋಡಬಹುದಾದ ವಿಡಿಯೊ ಕೊಟ್ಟಿದ್ದೇವೆ. ಯಾವಾಗ ಬೇಕಾದರೂ ಎಂದರೆ, ನಾಳೆ ನೋಡಿದರಾಯಿತು ಎಂದೇ ಅರ್ಥ.

ಇದು ವಾಸ್ಕೋದ ಹುಡುಗಿಯೊಬ್ಬಳ ಕತೆಯಲ್ಲ. ಹಾರ್ವರ್ಡ್ ಮತ್ತು ಎಂಐಟಿಯ ಉಚಿತ ಕೋರ್ಸುಗಳ ಲೆಕ್ಕ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. 2017-18ರಲ್ಲಿ ಸೇರಿದ ನೂರು ಜನರಲ್ಲಿ ಮುಗಿಸಿದವರು ಮೂವರು. ಹೆಸರು ಬರೆಸಿದ ಅರ್ಧದಷ್ಟು ಜನ ಮೊದಲ ಪಾಠವನ್ನೂ ತೆರೆದಿರಲಿಲ್ಲ. ಹಣ ಕಟ್ಟಿ ಪ್ರಮಾಣಪತ್ರಕ್ಕೆ ನಿಂತವರಲ್ಲಿ ಮಾತ್ರ ನೂರಕ್ಕೆ 46 ಮಂದಿ ದಡ ಸೇರಿದ್ದರು. ಹಾಗಾದರೆ ಶುಲ್ಕ ಹಾಕಿಬಿಡೋಣವೇ? ಹಣ ಕಟ್ಟುವವರು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡವರು. ದಿನಗೂಲಿಯವರ ಮಕ್ಕಳಿಗೆ ಆ ಮದ್ದು ಆಗದು. ಇಟ್ಟ ದುಡ್ಡು ಹುಟ್ಟಿಸುವ ಹಂಗನ್ನು ವಿಚಾರಿಸುವ ಒಬ್ಬ ಮನುಷ್ಯನೂ ಹುಟ್ಟಿಸಬಲ್ಲ.

ಇದನ್ನು ನಮ್ಮ ಹಿರಿಯರು ಅರಿತಿದ್ದರು. 1969ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಅಂಚೆಯಲ್ಲಿ ಪಾಠ ಬಂದರೂ ಸಂಪರ್ಕ ತರಗತಿ ಇತ್ತು. ಗುಮಾಸ್ತರು, ಶಿಕ್ಷಕರು ರಜೆ ಹಾಕಿ ಹೋಗುತ್ತಿದ್ದರು. ಪಾಠ ಎಷ್ಟು ತಲೆಗೆ ಹೋಯಿತೋ, ತನ್ನಂತೆ ಒದ್ದಾಡುವವರು ಇನ್ನೂ ಇದ್ದಾರೆ ಎಂಬುದಂತೂ ತಿಳಿಯುತ್ತಿತ್ತು.

ಎನ್‌ಪಿಟೆಲ್‌ನಲ್ಲೂ ವಿಚಾರಿಸುವವರ ಏರ್ಪಾಡಿದೆ. ಸ್ಥಳೀಯ ಕೇಂದ್ರವಾದ ಕಾಲೇಜಿಗೆ ಒಬ್ಬ ಸಂಯೋಜಕರು, ಕೋರ್ಸಿಗೆ ಮಾರ್ಗದರ್ಶಕ ಅಧ್ಯಾಪಕರು ಇರಬಹುದು. ವಾರದ ಅಸೈನ್‌ಮೆಂಟಿಗೆ ನೂರರಲ್ಲಿ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ವಾರವಾರವೂ ಹಿಂದೆ ಬಿದ್ದವರು ಯಾರೆಂದು ತಿಳಿಯಲು ಇಷ್ಟು ಸಾಕು. ಆದರೆ ವಿಚಾರಿಸುವ ಆ ಕೆಲಸ ಅಧ್ಯಾಪಕರ ವೇಳಾಪಟ್ಟಿಯಲ್ಲಿ ಇರಬೇಕು. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ನೂರಕ್ಕೆ 40ರವರೆಗೆ ಸ್ವಯಂ ಮೂಲಕ ಓದಬಹುದೆಂದು 2021ರಲ್ಲಿ ಯುಜಿಸಿ ಹೇಳಿದೆ. ಅಷ್ಟು ಪಾಠ ಹೊರಗೆ ಕಳಿಸುವ ಕಾಲೇಜು ವಾರಕ್ಕೊಂದು ಗಂಟೆ ಗ್ರಂಥಾಲಯದಲ್ಲಿ ಎಲ್ಲರನ್ನೂ ಕೂರಿಸಿ ‘ಎಲ್ಲಿಗೆ ಬಂತು?’ ಎಂದು ಕೇಳಲಾರದೇ? ಗೋವಾದ ಕನ್ನಡ ಸಂಘಗಳೂ ರಾಜ್ಯೋತ್ಸವದ ಸಭಾಂಗಣವನ್ನು ಭಾನುವಾರದ ಬೆಳಿಗ್ಗೆ ಈ ಮಕ್ಕಳಿಗೆ ತೆರೆಯಬಹುದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ, ಪಾಠದಲ್ಲಿ ಇಂಗ್ಲಿಷ್ ಎಂದು ಹೆಣಗುವವರಿಗೆ ತಿಳಿಯದ್ದನ್ನು ತಮ್ಮ ಮಾತಿನಲ್ಲೇ ಕೇಳಲು ಒಂದು ಜಾಗ ಬೇಕು.

ಹೊರಡುವಾಗ ಆ ಹುಡುಗಿಗೆ ಹೇಳಿದೆ: ಮುಂದಿನ ಸೆಮಿಸ್ಟರ್ ಮತ್ತೆ ಸೇರು, ಪ್ರತಿ ಸೋಮವಾರ ಫೋನ್ ಮಾಡಿ ವಿಚಾರಿಸುತ್ತೇನೆ. ಆಕೆ ನಕ್ಕಳು. “ನೀವೂ ಮೂರನೇ ವಾರಕ್ಕ ಬಿಡಬಾರದು ನೋಡ್ರಿ ಕಾಕಾ.”