ರಾವಣ ಯಾವಾಗಲೂ ಕೆಟ್ಟವನೇ?

ಆಟದಲ್ಲಿ ರಾವಣನ ಬಣ್ಣದ ವೇಷ ಅಬ್ಬರಿಸಿ ಬಂದರೆ ಸಣ್ಣ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ನಾನೂ ಹಿಡಿದಿದ್ದೆ. ರಾವಣ ಅಂದರೆ ಹತ್ತು ತಲೆಯ ರಾಕ್ಷಸ ಅಂತಲೇ ತಿಳಿದಿದ್ದೆ.

ಆದರೆ ನಮ್ಮ ಮೂಡಬಿದಿರೆಯನ್ನು ಜೈನಕಾಶಿ ಎನ್ನುತ್ತಾರಲ್ಲ, ಆ ಜೈನರ ರಾಮಾಯಣದಲ್ಲಿ ರಾವಣ ರಾಕ್ಷಸನೇ ಅಲ್ಲ, ವಿದ್ಯಾಧರ. ತಲೆ ಒಂದೇ. ಕೊರಳಿನ ಹಾರದ ಒಂಬತ್ತು ಮಣಿಗಳಲ್ಲಿ ಅವನ ಮುಖ ಕಂಡದ್ದರಿಂದ ದಶಮುಖ ಎಂಬ ಹೆಸರು ಬಂತಂತೆ! ಅವನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ನಾಗಚಂದ್ರ ಕವಿಯ ಕನ್ನಡ ಕಾವ್ಯದಲ್ಲಿ ಸೀತೆಯ ದೃಢ ಮನಸ್ಸು ಕಂಡು ರಾವಣನಿಗೆ ಪಶ್ಚಾತ್ತಾಪವೂ ಆಗುತ್ತದೆ.

2003ರಲ್ಲಿ ಅಮೆರಿಕದವರು ಒಂದು ಕಾಮಿಕ್ಸ್ ತಂದರು. ಅದರಲ್ಲಿ ಮಗು ಸೂಪರ್‌ಮ್ಯಾನ್ ಅಮೆರಿಕದ ಬದಲು ಸೋವಿಯತ್ ದೇಶದಲ್ಲಿ ಬೀಳುತ್ತಾನೆ, ಕಥೆಯೇ ಬೇರೆಯಾಗುತ್ತದೆ. ನಮ್ಮ ಕವಿಗಳು ಇಂಥದ್ದನ್ನು ಎಷ್ಟೋ ನೂರು ವರ್ಷ ಮೊದಲೇ ಮಾಡಿದ್ದರು.

ಹಾಗಾದರೆ ರಾವಣ ಒಳ್ಳೆಯವನಾ ಎಂದು ನೀವು ಕೇಳಬಹುದು. ಸೀತೆಯನ್ನು ಕದ್ದದ್ದು ಎಲ್ಲ ಕಥೆಯಲ್ಲೂ ತಪ್ಪೇ. ಆದರೆ ಒಂದೇ ಕಥೆ ಕೇಳಿ ಒಬ್ಬನನ್ನು ಪೂರ್ತಿ ಕೆಟ್ಟವನು ಎನ್ನಬಾರದು ಎಂಬುದು ನನ್ನ ಅಭಿಪ್ರಾಯ.

ಹೋದ ವರ್ಷ ಕ್ಲಾಸಿನಲ್ಲಿ ಒಂದು ಕಂಪಾಸು ಪೆಟ್ಟಿಗೆ ಕಾಣೆಯಾದಾಗ ನಾವೆಲ್ಲ ಒಬ್ಬನನ್ನೇ ಕಳ್ಳ ಎಂದೆವು. ಮೊದಲು ಹೇಳಿದ್ದು ನಾನೇ. ಮರುದಿನ ಪೆಟ್ಟಿಗೆ ಕಳಕೊಂಡವನ ಮನೆಯಲ್ಲೇ ಸಿಕ್ಕಿತು. ಆದರೂ ಆ ಅಡ್ಡಹೆಸರು ಹೋಗಲಿಲ್ಲ. ಅವನ ಮಾತನ್ನು ಯಾರೂ ಕೇಳಲೇ ಇಲ್ಲ.

ರಾವಣನ ಇನ್ನೊಂದು ಕಥೆ ಹೇಳಲು ಕವಿಗಳಿದ್ದರು. ನಮ್ಮ ಗೆಳೆಯನ ಕಥೆಯನ್ನು ನಾವೇ ಹೇಳಬೇಕು. ಆ ಅಡ್ಡಹೆಸರನ್ನು ನಾನು ಇವತ್ತಿಂದ ಬಿಟ್ಟೆ. ನೀವೂ ಬಿಡಿ.