ಮುಪ್ಪಿಗೂ ಒಂದು ಹೊಣೆ ಬೇಕು

ಗಡಿನಾಡಿನ ಕವಿ ಕಯ್ಯಾರ ಕಿಞ್ಞಣ್ಣ ರೈಗಳು 1915ರ ಜೂನ್ 8ರಂದು ಜನಿಸಿದರು. 2015ರ ಆಗಸ್ಟ್ 9ರಂದು, ನೂರು ತುಂಬಿದ ಮೇಲೆ ನಮ್ಮನ್ನು ಅಗಲಿದರು. ಅಧ್ಯಾಪಕ, ಪತ್ರಕರ್ತ, ಕೃಷಿಕ, ಹೋರಾಟಗಾರ ಎಲ್ಲವೂ ಆಗಿದ್ದ ಅವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರು ‘ದುಡಿತವೇ ನನ್ನ ದೇವರು’. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣವನ್ನು ಆರಂಭಿಸಿದ್ದು 1991ರಲ್ಲಿ, ಎಂಬತ್ತು ಸಮೀಪಿಸುತ್ತಿದ್ದ ವಯಸ್ಸಿನಲ್ಲಿ. ಅವರು 107 ವರ್ಷ ಬಾಳಿದರು. ದೀರ್ಘಾಯುಸ್ಸು ದುಡಿಮೆಗೆ ಸಿಗುವ ಸಂಬಳವೆಂದು ಹೇಳಲಾಗದು. ಹುಟ್ಟಿನಿಂದ ಬಂದ ದೇಹಬಲ, ದೈವಾನುಕೂಲಗಳೂ ಅದರಲ್ಲಿ ಸೇರಿವೆ. ಆದರೆ ಬಂದ ದಿನಗಳನ್ನು ಹೇಗೆ ತುಂಬಿಕೊಳ್ಳಬೇಕೆಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

2011ರ ಜನಗಣತಿಯಂತೆ ಭಾರತದಲ್ಲಿ ಅರುವತ್ತು ದಾಟಿದವರು ಶೇಕಡಾ 8.6, ಕೇರಳದಲ್ಲಿ ಶೇಕಡಾ 12.6. ಮಕ್ಕಳು ಉದ್ಯೋಗಕ್ಕಾಗಿ ಮಂಗಳೂರು, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಿಗೆ ತೆರಳಿದ ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರಿಬ್ಬರೇ ಉಳಿದಿದ್ದಾರೆ. ಆದ್ದರಿಂದ ಆರೋಗ್ಯಕರ ಮುಪ್ಪಿನ ವಿಚಾರ ನಮಗೆ ದೂರದ್ದಲ್ಲ.

ಮೊದಲು ದೇಹದ ಮಾತು. ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕಿನ ನಡಿಗೆ ಅಥವಾ ಅದಕ್ಕೆ ಸಮನಾದ ಶ್ರಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವಯಸ್ಸಾದವರಿಗೆ ವಾರದಲ್ಲಿ ಮೂರು ದಿನವಾದರೂ ಸಮತೋಲನದ ಮತ್ತು ಸ್ನಾಯುಬಲದ ವ್ಯಾಯಾಮ ಬೇಕೆಂದೂ ಅದು ಹೇಳುತ್ತದೆ. ತೋಟಕ್ಕೆ ಇಳಿದು ಹತ್ತುವವರಿಗೆ ನಡಿಗೆ ತಾನಾಗಿಯೇ ಒದಗುತ್ತದೆ. ಸಮತೋಲನಕ್ಕಾಗಿ ಗೋಡೆಯನ್ನು ಹಿಡಿದು ಒಂಟಿಕಾಲಿನಲ್ಲಿ ಕೆಲವು ಕ್ಷಣ ನಿಲ್ಲುವುದನ್ನು ಅಭ್ಯಾಸ ಮಾಡಬಹುದು. ಮುಪ್ಪಿನಲ್ಲಿ ಒಮ್ಮೆ ಬಿದ್ದು ಸೊಂಟದ ಎಲುಬು ಮುರಿದರೆ ಮತ್ತೆ ಮೊದಲಿನಂತೆ ಓಡಾಡುವುದು ಬಲು ಕಷ್ಟ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳ, ಒದ್ದೆಯಾದ ಬಚ್ಚಲು, ಕತ್ತಲೆಯ ಮೆಟ್ಟಿಲು ಇವುಗಳನ್ನು ಸರಿಪಡಿಸುವುದು ಮನೆಯ ಕಿರಿಯರ ಕರ್ತವ್ಯ.

ಊಟದ ವಿಷಯದಲ್ಲಿ ನಮ್ಮ ಕುಚ್ಚಲಕ್ಕಿ ಗಂಜಿ ಹಗುರವೂ ಹಿತವೂ ಹೌದು. ಆದರೆ ಹಲ್ಲು ಬಿದ್ದ ಮೇಲೆ ಅನೇಕ ಹಿರಿಯರು ಗಂಜಿ, ಉಪ್ಪಿನಕಾಯಿ ಇಷ್ಟರಲ್ಲೇ ಊಟ ಮುಗಿಸುತ್ತಾರೆ. ಉಪ್ಪು ಹೆಚ್ಚಾಗಿ, ಸ್ನಾಯುಗಳಿಗೆ ಬೇಕಾದ ಸಸಾರಜನಕ ಕಡಿಮೆಯಾಗುತ್ತದೆ. ಗಂಜಿಯ ಜೊತೆ ಬೇಯಿಸಿದ ಹೆಸರುಕಾಳು, ಹರಿವೆ ಅಥವಾ ಬಸಳೆ, ರೂಢಿಯಿದ್ದವರಿಗೆ ಮೊಟ್ಟೆ ಮೀನು ಇರಲಿ. ಉಪ್ಪು ದಿನಕ್ಕೆ 5 ಗ್ರಾಮಿನೊಳಗೆ, ಅಂದರೆ ಒಂದು ಸಣ್ಣ ಚಮಚೆಯೊಳಗೆ ನಿಲ್ಲಬೇಕು. ಇನ್ನೊಂದು ಮಾತನ್ನು ಹೇಳಲು ಸಂಕೋಚವಾದರೂ ಹೇಳಲೇಬೇಕು. ಅಡಿಕೆ ನಮ್ಮ ಜೀವನಾಧಾರ. ಆದರೂ ಹೊಗೆಸೊಪ್ಪಿಲ್ಲದ ಎಲೆಯಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎರಡು ದಶಕಗಳ ಹಿಂದೆಯೇ ನಿರ್ಣಯಿಸಿದೆ. ಬಾಯಿಯಲ್ಲಿ ಎರಡು ವಾರದೊಳಗೆ ಮಾಯದ ಹುಣ್ಣಿದ್ದರೆ ವೈದ್ಯರಿಗೆ ತೋರಿಸಲು ತಡಮಾಡಬಾರದು.

ಇನ್ನು ಮನಸ್ಸು. ಅಮೆರಿಕದ ಓಹಾಯೋ ರಾಜ್ಯದ ಒಂದು ಸಣ್ಣ ಪಟ್ಟಣದಲ್ಲಿ ಐವತ್ತು ದಾಟಿದ 660 ಮಂದಿಯನ್ನು ಕುರಿತ ಅಧ್ಯಯನವೊಂದನ್ನು ಸಂಶೋಧಕಿ ಬೆಕ್ಕಾ ಲೆವಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದರು. ತಮ್ಮ ವಯಸ್ಸಿನ ಬಗ್ಗೆ ಒಳ್ಳೆಯ ಭಾವನೆ ಇಟ್ಟುಕೊಂಡಿದ್ದವರು ಉಳಿದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬಾಳಿದ್ದರು. ಇದರ ಅರ್ಥ ಸದಾ ನಗುತ್ತಿರಬೇಕೆಂದಲ್ಲ. ದುಃಖವಾದಾಗ ಅಳುವುದೂ ಸಹಜವೇ. ಕೇಡುಂಟುಮಾಡುವುದು ‘ವಯಸ್ಸಾಯಿತು, ಇನ್ನೇನು’ ಎಂಬ ಮಾತು. ಕಿವಿ ಮಂದವಾದರೆ, ಕಣ್ಣಿಗೆ ಪೊರೆ ಬಂದರೆ ನಾವು ಆ ಮಾತನ್ನಾಡಿ ಸುಮ್ಮನಾಗುತ್ತೇವೆ. ಕೇಳಿಸದವರು ಮಾತುಕತೆಯಿಂದ ದೂರವಾಗುತ್ತಾರೆ. ಕಾಣದವರು ಓದನ್ನು ಬಿಡುತ್ತಾರೆ. ಮರೆವಿನ ರೋಗದ ಕುರಿತು ‘ಲ್ಯಾನ್ಸೆಟ್’ ಪತ್ರಿಕೆಯ ಆಯೋಗ 2024ರಲ್ಲಿ ಗುರುತಿಸಿದ, ತಡೆಯಲು ಸಾಧ್ಯವಿರುವ 14 ಕಾರಣಗಳಲ್ಲಿ ಶ್ರವಣದೋಷ, ಚಿಕಿತ್ಸೆ ಪಡೆಯದ ದೃಷ್ಟಿದೋಷ, ಒಂಟಿತನ ಮೂರೂ ಇವೆ.

ಒಂಟಿತನಕ್ಕೆ ಔಷಧದ ಅಂಗಡಿಯಲ್ಲಿ ಮದ್ದಿಲ್ಲ. ‘ಅಜ್ಜ, ನೀವು ಸುಮ್ಮನೆ ಕೂತುಕೊಳ್ಳಿ’ ಎಂದು ನಾವು ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಯಾವ ಹೊಣೆಯೂ ಇಲ್ಲದ ಹಿರಿಯರಿಗೆ ದಿನ ಬಹಳ ಉದ್ದವಾಗುತ್ತದೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಅರುವತ್ತು ದಾಟಿದವರು ವಾರಕ್ಕೆ 15 ಗಂಟೆ ಪ್ರಾಥಮಿಕ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಓದಲು ನೆರವಾಗುವ ಯೋಜನೆಯೊಂದು ನಡೆಯಿತು. ಮಕ್ಕಳ ಓದಿಗೆ ನೆರವಾಗಲು ಹೋದ ಹಿರಿಯರ ಸ್ವಂತ ಚಟುವಟಿಕೆಯೂ ಹೆಚ್ಚಿತೆಂಬುದನ್ನು ವೈದ್ಯಕೀಯ ಅಧ್ಯಯನಗಳು ದಾಖಲಿಸಿವೆ.

ಕನ್ನಡ ಮಾಧ್ಯಮ ಶಾಲೆಗೆ ಮಕ್ಕಳನ್ನು ಕಳುಹಿಸುವ ನಮಗೆ ಇದರಲ್ಲಿ ಒಂದು ದಾರಿಯಿದೆ. ನಮ್ಮ ಮನೆಗಳಲ್ಲಿ ಮಾತು ತುಳುವೋ, ಕೊಂಕಣಿಯೋ, ಹವ್ಯಕವೋ, ಮರಾಠಿಯೋ ಇರಬಹುದು. ಆದರೆ ಕನ್ನಡದಲ್ಲೇ ಓದಿ ಬೆಳೆದ ಅಜ್ಜ ಅಜ್ಜಿಯರು ಬಹುತೇಕ ಮನೆಗಳಲ್ಲಿದ್ದಾರೆ. ಕತೆ, ಒಗಟು, ಗಾದೆ, ಯಕ್ಷಗಾನ ತಾಳಮದ್ದಳೆಯ ಅರ್ಥಗಾರಿಕೆ ಅವರ ನಾಲಗೆಯ ಮೇಲಿದೆ. ಅದೇ ಹಿರಿಯರು ಮಲಯಾಳದಲ್ಲಿ ಬಂದ ಪಿಂಚಣಿ ನೋಟೀಸನ್ನೋ ಆಸ್ಪತ್ರೆಯ ಸೂಚನಾ ಫಲಕವನ್ನೋ ಓದಲಾರದೆ ಇನ್ನೊಬ್ಬರ ಮುಖ ನೋಡುತ್ತಾರೆ. ಮೊಮ್ಮಕ್ಕಳು ಶಾಲೆಯಲ್ಲಿ ಮಲಯಾಳವನ್ನೂ ಕಲಿಯುತ್ತಿದ್ದಾರೆ. ಸಂಜೆಯ ಅರ್ಧ ಗಂಟೆಯಲ್ಲಿ ಮೊಮ್ಮಗಳು ಅಜ್ಜಿಗೆ ಆ ಕಾಗದವನ್ನು ಓದಿ ಹೇಳಲಿ, ಮಾತ್ರೆಗಳನ್ನು ಬೆಳಗಿನದು ರಾತ್ರಿಯದೆಂದು ಬೇರೆಬೇರೆ ಡಬ್ಬಿಗಳಲ್ಲಿ ಹಾಕಿ ಕೊಡಲಿ. ಅಜ್ಜಿ ಅವಳಿಂದ ಕನ್ನಡ ಪಾಠವನ್ನು ಗಟ್ಟಿಯಾಗಿ ಓದಿಸಲಿ. ಇಬ್ಬರಿಗೂ ಒಬ್ಬರು ಇನ್ನೊಬ್ಬರಿಗೆ ಬೇಕಾದವರೆಂಬ ಅರಿವು ಮೂಡುತ್ತದೆ. ದಯೆ ಎಂಬುದು ಮೇಲಿನಿಂದ ಕೆಳಕ್ಕೆ ಕೊಡುವ ಭಿಕ್ಷೆಯಲ್ಲ. ಹೀಗೆ ಕೊಟ್ಟು ಕೊಳ್ಳುವ ವ್ಯವಹಾರ.

ಶಾಲೆಗಳ ರಕ್ಷಕ ಶಿಕ್ಷಕ ಸಂಘಗಳು ಮುಖ್ಯೋಪಾಧ್ಯಾಯರೊಡನೆ ಮಾತನಾಡಿ, ವಾರಕ್ಕೊಂದು ಅವಧಿಯನ್ನು ಊರಿನ ಹಿರಿಯರ ಕತೆಗೂ ಓದಿಗೂ ಮೀಸಲಿಡಬಹುದು. ಅಧ್ಯಾಪಕರೊಬ್ಬರು ಜೊತೆಗಿದ್ದರೆ ಸಾಕು, ಖರ್ಚೇನೂ ಇಲ್ಲ. ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆಂದು ನಾವು ಸಭೆಗಳಲ್ಲಿ ಮರುಗುತ್ತೇವೆ, ಹಿರಿಯರು ಒಂಟಿಯಾಗುತ್ತಿದ್ದಾರೆಂದು ಮನೆಗಳಲ್ಲಿ ಮರುಗುತ್ತೇವೆ. ಮುಂದಿನ ರಕ್ಷಕ ಶಿಕ್ಷಕ ಸಂಘದ ಸಭೆಗೆ ಹೋಗುವಾಗ ಮನೆಯ ಅಜ್ಜನನ್ನೋ ಅಜ್ಜಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ.