ಫುಟ್‌ಪಾತಿಗೂ ಬಾಡಿಗೆ ಇರಲಿ

ನಮ್ಮ ಮನೆಯಲ್ಲಿ ಅಬ್ಬುವಿನ ತಾಯಿಯನ್ನು ದಾದಿ ಎನ್ನುತ್ತೇವೆ. (ಕನ್ನಡ ಲೆಕ್ಚರರ್ ಇದನ್ನು ಓದಿ ನಮ್ಮ ಮನೆಯಲ್ಲಿ ನರ್ಸ್ ಇದ್ದಾರೆ ಎಂದು ತಿಳಿಯಬಾರದು.) ದಾದಿಗೆ ಒಂದು ಅಭ್ಯಾಸ. ಬೆಳಗ್ಗೆ ನಂದಿನಿ ಬೂತಿಗೆ ಹೋಗುವಾಗ ದಾರಿಯಲ್ಲಿ ಕಲ್ಲು, ಬಾಳೆಹಣ್ಣಿನ ಸಿಪ್ಪೆ, ಒಡೆದ ಗಾಜು, ಏನು ಕಂಡರೂ ಊರುಗೋಲಿನಿಂದ ಬದಿಗೆ ತಳ್ಳುತ್ತಾರೆ. ದಾರಿಯಲ್ಲಿ ಬಿದ್ದ ತೊಂದರೆಯನ್ನು ತೆಗೆಯುವುದೂ ಈಮಾನಿನ ಒಂದು ಭಾಗ ಎಂದು ನಮಗೆ ಚಿಕ್ಕಂದಿನಲ್ಲಿ ಕಲಿಸಿದವರೇ ಅವರು. ಆದರೆ ಈಗ ಊರುಗೋಲಿಗೆ ಜಗ್ಗದ ವಸ್ತುವೊಂದು ಫುಟ್‌ಪಾತಿನ ಮೇಲೆ ಬಂದು ನಿಂತಿದೆ. ಅದು ಬಾಡಿಗೆಯ ಬ್ಯಾಟರಿ ಗಾಡಿ. ಕೆಲವು ದಿನ ಒಂದು, ಕೆಲವು ದಿನ ಐದಾರು. ಅದರಲ್ಲೊಂದು ಅಡ್ಡ ಬಿದ್ದಿದ್ದರೆ ಮುಗಿಯಿತು, ದಾದಿ ಹಾಲಿನ ಚೀಲ ಹಿಡಿದು ರಸ್ತೆಗೆ ಇಳಿಯುತ್ತಾರೆ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತದೆ.

ಅದೇ ಮನೆಯಲ್ಲಿ ನನ್ನ ಅಣ್ಣ ಇದ್ದಾನೆ. ಅವನು ಇಂಥದೇ ಗಾಡಿಯನ್ನು ವಾರದ ಬಾಡಿಗೆಗೆ ತೆಗೆದುಕೊಂಡು ಡೆಲಿವರಿ ಮಾಡುತ್ತಾನೆ. ಅವನ ಬಳಿ ಡಿಎಲ್ ಇಲ್ಲ. ಸ್ವಂತ ಗಾಡಿ ಕೊಳ್ಳೋಣವೆಂದರೆ ಡೌನ್ ಪೇಮೆಂಟ್ ಕಟ್ಟಲು ದುಡ್ಡಿಲ್ಲ. ನನ್ನ ಈ ವರ್ಷದ ಫೀಸಿನ ಎರಡನೇ ಕಂತು ಆ ಗಾಡಿಯ ದುಡಿಮೆಯಿಂದಲೇ ಬಂದದ್ದು. ಹೀಗಾಗಿ ಕ್ಲಾಸಿನಲ್ಲಿ ಯಾರಾದರೂ "ಇವನ್ನೆಲ್ಲ ಬ್ಯಾನ್ ಮಾಡಬೇಕು" ಎಂದರೆ ನನಗೆ ಹೌದು ಎನ್ನಲು ಆಗುವುದಿಲ್ಲ. "ಹೊಟ್ಟೆಪಾಡು, ಬಿಟ್ಟುಬಿಡಿ" ಎಂದರೂ ಆಗುವುದಿಲ್ಲ. ನನ್ನ ಅಭಿಪ್ರಾಯ ಇಷ್ಟು: ಗಾಡಿಗಳು ಇರಲಿ, ಆದರೆ ಅವು ನಿಲ್ಲುವ ಜಾಗವನ್ನು ನಗರ ಗುರುತಿಸಲಿ, ಆ ಜಾಗಕ್ಕೆ ಕಂಪನಿಗಳು ಬಾಡಿಗೆ ಕೊಡಲಿ.

ಮೊದಲು ಕಾನೂನು. ಅಣ್ಣನಿಗೆ ಡಿಎಲ್ ಇಲ್ಲದಿದ್ದರೂ ಪೊಲೀಸರು ಏಕೆ ಹಿಡಿಯುವುದಿಲ್ಲ ಎಂದು ನನ್ನ ಗೆಳೆಯರು ಕೇಳುತ್ತಿರುತ್ತಾರೆ. ಉತ್ತರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಒಳಗೆ ಇದ್ದರೆ ಅಂಥ ಬ್ಯಾಟರಿ ಗಾಡಿ ಕಾನೂನಿನ ಕಣ್ಣಿಗೆ ಮೋಟಾರು ವಾಹನವೇ ಅಲ್ಲ. ಆದ್ದರಿಂದ ನೋಂದಣಿ ಬೇಡ, ನಂಬರ್ ಪ್ಲೇಟ್ ಬೇಡ, ಡಿಎಲ್ ಬೇಡ, ಇನ್ಶೂರೆನ್ಸ್ ಕಡ್ಡಾಯವಲ್ಲ. ಅದು ಹೆಚ್ಚುಕಡಿಮೆ ಸೈಕಲ್ ಇದ್ದಂತೆ. ಇಲ್ಲಿ ನಮ್ಮ ವಯಸ್ಸಿನವರಿಗೆ ಒಂದು ಮಾತು. ವೈರ್ ಬದಲಿಸಿ, ಕಂಟ್ರೋಲರ್ ತಿದ್ದಿ ಗಾಡಿಯನ್ನು ಅದಕ್ಕಿಂತ ಜೋರಾಗಿ ಓಡುವಂತೆ ಮಾಡಿದರೆ ಅದು ಆ ಕ್ಷಣದಿಂದ ಮೋಟಾರು ವಾಹನ. ಹದಿನೆಂಟು ತುಂಬದವರು ಲೈಸೆನ್ಸ್ ಇಲ್ಲದೆ ಮೋಟಾರು ವಾಹನ ಓಡಿಸಿ ಅಪರಾಧ ಮಾಡಿದರೆ, 2019ರ ತಿದ್ದುಪಡಿಯ ಪ್ರಕಾರ ತಂದೆತಾಯಿ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಆಗಬಹುದು. ಕಾಲೇಜಿನ ಹಿಂದಿನ ಗಲ್ಲಿಯಲ್ಲಿ "ಮಾಡಿಫೈ" ಮಾಡಿಸಿಕೊಂಡವರು ಇದನ್ನು ಎರಡು ಸಲ ಓದಿ.

ನಿಯಮ ಮಾಡಿದ್ದು ಕೇಂದ್ರ. ಆದರೆ ಫುಟ್‌ಪಾತ್ ನಗರದ್ದು. ಗಾಡಿ ಓಡುವಾಗ ಅದು ಮೋಟಾರು ವಾಹನವಲ್ಲದಿರಬಹುದು, ನಿಂತಾಗ ಮಾತ್ರ ಅದು ಯಾವ ಮೋಟಾರು ಬೈಕಿಗೂ ಕಡಿಮೆಯಿಲ್ಲದಷ್ಟು ಜಾಗ ತಿನ್ನುತ್ತದೆ. ಬೇರೆ ದೇಶದ ನಗರಗಳು ಜಗಳವಾಡಿದ್ದು ಹೆಚ್ಚಾಗಿ ಈ ನಿಲ್ಲುವ ವಿಷಯಕ್ಕೇ.

ಅಲ್ಲಿ ಸ್ಕೂಟರ್ ಎಂದರೆ ಸೀಟು ಇಲ್ಲದ, ಹಲಗೆಯ ಮೇಲೆ ನಿಂತು ಓಡಿಸುವ ಗಾಡಿ. 2017ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಎಂಬ ಊರಿನಲ್ಲಿ ಬರ್ಡ್ ಎಂಬ ಕಂಪನಿ ಇವನ್ನು ಬೀದಿಗೆ ತಂದಿತು. ಅನುಮತಿ ಕೇಳಿರಲಿಲ್ಲ. ನಗರ ಕೋರ್ಟಿಗೆ ಹೋಯಿತು, 2018ರಲ್ಲಿ ಕಂಪನಿ ಮೂರು ಲಕ್ಷಕ್ಕೂ ಹೆಚ್ಚು ಡಾಲರ್ ಕಟ್ಟಲು ಒಪ್ಪಿತು. ನನಗೆ ಇಷ್ಟವಾದದ್ದು ಆಮೇಲಿನ ಹೆಜ್ಜೆ. ಗಾಡಿಗಳನ್ನು ಓಡಿಸದೆ ಅದೇ ನಗರ ಪ್ರಾಯೋಗಿಕ ಯೋಜನೆ ಮಾಡಿ, ಸಾರ್ವಜನಿಕ ಜಾಗ ಬಳಸುವುದಕ್ಕೆ ಪ್ರತಿ ಗಾಡಿಗೆ ದಿನಕ್ಕೆ ಒಂದು ಡಾಲರ್ ಎಂದು ದರ ಗೊತ್ತುಮಾಡಿತು.

ಸ್ಯಾನ್ ಫ್ರಾನ್ಸಿಸ್ಕೊದ ಕಥೆ ಇನ್ನೂ ಚೆನ್ನಾಗಿದೆ. 2018ರ ಮಾರ್ಚಿನಲ್ಲಿ ಬರ್ಡ್, ಲೈಮ್, ಸ್ಪಿನ್ ಎಂಬ ಮೂರು ಕಂಪನಿಗಳು ಅಲ್ಲಿಯೂ ಕೇಳದೆ ಗಾಡಿ ಇಳಿಸಿದವು. ಜೂನಿನಲ್ಲಿ ನಗರ ಎಲ್ಲವನ್ನೂ ತೆಗೆಸಿತು, "ಅರ್ಜಿ ಹಾಕಿ" ಎಂದಿತು. ಹನ್ನೆರಡು ಕಂಪನಿಗಳು ಹಾಕಿದವು. ಅನುಮತಿ ಸಿಕ್ಕಿದ್ದು ಎರಡಕ್ಕೆ, ಸ್ಕೂಟ್ ಮತ್ತು ಸ್ಕಿಪ್. ಕೇಳದೆ ನುಗ್ಗಿದ ಮೂರರಲ್ಲಿ ಒಂದಕ್ಕೂ ಸಿಗಲಿಲ್ಲ. ಮುಂದೆ ಅಲ್ಲಿ ಗಾಡಿಯನ್ನು ಸೈಕಲ್ ಸ್ಟ್ಯಾಂಡಿನಂಥ ಕಂಬಿಗೆ ಬೀಗ ಹಾಕಿಯೇ ನಿಲ್ಲಿಸಬೇಕು ಎಂಬ ನಿಯಮವೂ ಬಂತು. ಬೀಗ ಹಾಕಿದ ಗಾಡಿ ಅಡ್ಡ ಬೀಳುವುದಿಲ್ಲ. ಇಷ್ಟು ಸರಳ ವಿಷಯಕ್ಕೆ ಜಗತ್ತಿನ ದೊಡ್ಡ ಇಂಜಿನಿಯರುಗಳಿರುವ ಊರಿಗೇ ಒಂದು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ಪ್ಯಾರಿಸ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಬ್ಯಾನ್ ಎನ್ನುವವರೆಲ್ಲ ಪ್ಯಾರಿಸ್ ಹೆಸರು ಎತ್ತುತ್ತಾರೆ. ಅಲ್ಲಿ 2018ರಲ್ಲಿ ಗಾಡಿಗಳು ಬಂದವು, ಕಂಪನಿಗಳು ಒಂದರ ಮೇಲೊಂದು ಬಂದವು. 2020ರಲ್ಲಿ ನಗರ ಮೂರೇ ಕಂಪನಿಗಳನ್ನು ಆರಿಸಿತು: ಲೈಮ್, ಡಾಟ್, ಟಿಯರ್. ಒಂದೊಂದಕ್ಕೆ 5,000, ಒಟ್ಟು 15,000 ಗಾಡಿ. ನಿಲ್ಲಿಸಲು ಸುಮಾರು 2,500 ಜಾಗಗಳನ್ನು ಗುರುತಿಸಿ ಬಣ್ಣ ಬಳಿದರು. ಅವುಗಳಲ್ಲಿ ಹೆಚ್ಚಿನವು ಮೊದಲು ಕಾರು ನಿಲ್ಲುತ್ತಿದ್ದ ಜಾಗ ಎಂಬುದನ್ನು ಗಮನಿಸಿ. ನಡೆಯುವವರಿಂದ ಕಸಿಯಲಿಲ್ಲ, ಕಾರುಗಳಿಂದ ತೆಗೆದುಕೊಂಡರು. 2021ರಲ್ಲಿ ನಡೆದು ಹೋಗುತ್ತಿದ್ದ ಮಹಿಳೆಯೊಬ್ಬರು ಇಬ್ಬರು ಕೂತ, ಅಲ್ಲ, ಇಬ್ಬರು ನಿಂತ ಗಾಡಿ ಬಡಿದು ತೀರಿಕೊಂಡರು. ಆಮೇಲೆ ಅದೇ ವರ್ಷ ಸುಮಾರು 700 ಕಡೆ ವೇಗವನ್ನು ಗಂಟೆಗೆ 10 ಕಿ.ಮೀ.ಗೆ ಇಳಿಸಿದರು. ಪೊಲೀಸ್ ನಿಂತು ಹಿಡಿಯಬೇಕಿಲ್ಲ. ಆ ಜಾಗಕ್ಕೆ ಬಂದ ಕೂಡಲೇ ಜಿಪಿಎಸ್ ನೋಡಿ ಗಾಡಿಯೇ ನಿಧಾನವಾಗುತ್ತದೆ. ಬಾಡಿಗೆ ಗಾಡಿಯ ದೊಡ್ಡ ಗುಣ ಇದು: ಸ್ವಂತ ಗಾಡಿಯವನು ನಿಯಮ ಮುರಿಯಬಹುದು, ಬಾಡಿಗೆ ಗಾಡಿಗೆ ನಿಯಮವನ್ನು ಒಳಗೇ ತುಂಬಬಹುದು.

ಇಷ್ಟಾದರೂ ಜನರ ಸಿಟ್ಟು ಹೋಗಲಿಲ್ಲ. ಮೇಯರ್ ಆನ್ ಇದಾಲ್ಗೊ 2023ರ ಏಪ್ರಿಲ್ 2ರಂದು ಮತಕ್ಕೆ ಹಾಕಿದರು. ಬಾಡಿಗೆ ಗಾಡಿ ಬೇಡ ಎಂದವರು ಶೇಕಡಾ 89. ಭಾರೀ ಬಹುಮತ ಎನಿಸುತ್ತದೆ, ಅಲ್ಲವೇ? ಆದರೆ ಮತದಾರರ ಪಟ್ಟಿಯಲ್ಲಿ 13 ಲಕ್ಷಕ್ಕೂ ಹೆಚ್ಚು ಜನ ಇದ್ದರು, ಮತ ಹಾಕಿದವರು ಸುಮಾರು 1,03,000. ಅಕೌಂಟೆನ್ಸಿ ಓದುವವರು ಕ್ಯಾಲ್ಕುಲೇಟರ್ ತೆಗೆಯಿರಿ. ಬೇಡ ಎಂದವರು ಪಟ್ಟಿಯ ನೂರಕ್ಕೆ ಏಳು ಜನಕ್ಕಿಂತ ಕಡಿಮೆ. ಮತಗಟ್ಟೆಗಳು ಕಡಿಮೆ ಇದ್ದವು, ಸಾಲು ಉದ್ದವಿತ್ತು, ಆನ್‌ಲೈನ್ ಮತ ಇರಲಿಲ್ಲ, ಹಾಗಾಗಿ ವಯಸ್ಸಾದವರ ಮತವೇ ಹೆಚ್ಚಾಯಿತು ಎಂದು ಕಂಪನಿಗಳು ಗೊಣಗಿದವು. ಅವು ಗೊಣಗದೆ ಇರುತ್ತವೆಯೇ! ಆದರೂ ಹದಿನೇಳರ ನನಗೆ ಈ ಗೊಣಗಾಟ ಸ್ವಲ್ಪ ಅರ್ಥವಾಗುತ್ತದೆ. ಆಗಸ್ಟ್ ಕೊನೆಗೆ 15,000 ಗಾಡಿಗಳೂ ಹೋದವು.

ಹೋದದ್ದು ಬಾಡಿಗೆ ಗಾಡಿ ಮಾತ್ರ. ಸ್ವಂತ ಸ್ಕೂಟರ್ ಇದ್ದವರು ಮರುದಿನವೂ ಓಡಿಸಿದರು, ಈಗಲೂ ಓಡಿಸುತ್ತಾರೆ. ಬ್ಯಾನ್ ಎಂದು ನಾವು ಹೇಳುವುದು ನಿಜದಲ್ಲಿ ಏನು ಎಂದು ನನಗೆ ಗೊತ್ತಾದದ್ದು ಇಲ್ಲಿ. ಗಾಡಿ ನಿಲ್ಲಲಿಲ್ಲ, ಹಂಚಿಕೊಳ್ಳುವುದು ನಿಂತಿತು. ಕೊಳ್ಳಲು ದುಡ್ಡಿದ್ದವನಿಗೆ ಏನೂ ಆಗಲಿಲ್ಲ. ನಮ್ಮ ಊರಿನಲ್ಲಿ ನಾಳೆ ಹಾಗೆಯೇ ಆದರೆ ಬೀದಿಯಲ್ಲಿ ಬುಲೆಟ್‌ಗಳು, ಕಾರುಗಳು ಫುಟ್‌ಪಾತ್ ಹತ್ತಿ ನಿಂತೇ ಇರುತ್ತವೆ. ಅಣ್ಣ ಮಾತ್ರ ಮನೆಯಲ್ಲಿ ಕೂರುತ್ತಾನೆ.

ಸಿಂಗಪುರ ಇನ್ನೊಂದು ರೀತಿ ಮಾಡಿತು. ಅಲ್ಲಿ ಡೆಲಿವರಿಯವರು ಬಹಳ ಜನ ಇಂಥ ಸಣ್ಣ ಗಾಡಿಯಲ್ಲೇ ಓಡಾಡುತ್ತಿದ್ದರು. 2019ರ ನವೆಂಬರ್ 5ರಿಂದ ಫುಟ್‌ಪಾತಿನ ಮೇಲೆ ಓಡಿಸುವುದು ನಿಷಿದ್ಧ, ಸಿಕ್ಕಿಬಿದ್ದರೆ 2,000 ಡಾಲರ್‌ವರೆಗೆ ದಂಡ, ಮೂರು ತಿಂಗಳವರೆಗೆ ಜೈಲು. ಡೆಲಿವರಿ ಹುಡುಗರು ಸಂಸದರ ಬಳಿ ಗುಂಪಾಗಿ ಹೋಗಿ ಕೇಳಿದರು. ಕೆಲವೇ ದಿನಗಳಲ್ಲಿ ಸರ್ಕಾರ ಮತ್ತು ಡೆಲಿವರಿ ಕಂಪನಿಗಳು ಸೇರಿ 70 ಲಕ್ಷ ಸಿಂಗಪುರ ಡಾಲರ್ ತೆಗೆದಿಟ್ಟವು, ಹಳೆಯದನ್ನು ಕೊಟ್ಟು ಬೇರೆ ಗಾಡಿ ಕೊಳ್ಳಲು ಒಬ್ಬೊಬ್ಬರಿಗೆ 1,000 ಡಾಲರ್‌ವರೆಗೆ. ನಿಯಮ ಕಠಿಣ, ಆದರೆ ಅದರಿಂದ ಹೊಡೆತ ತಿಂದವರ ಲೆಕ್ಕವನ್ನೂ ಮಾಡಿದರು. ಮೊದಲೇ ಮಾಡಬಹುದಿತ್ತು, ಅದು ಬೇರೆ ಮಾತು.

ನಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲಿ ಎಕ್ಸ್‌ಟರ್ನಾಲಿಟಿ ಎಂಬ ಸಣ್ಣ ಭಾಗವಿದೆ. ತೈಲ ಶುದ್ಧೀಕರಣ ಘಟಕ ನದಿಯನ್ನು ಕೆಡಿಸುತ್ತದೆ, ಆ ನಷ್ಟ ಅದರ ಲೆಕ್ಕಪುಸ್ತಕದಲ್ಲಿ ಬರುವುದಿಲ್ಲ, ನದಿಯನ್ನು ನಂಬಿದವರು ಅನುಭವಿಸುತ್ತಾರೆ. ಪರೀಕ್ಷೆಗೆ ಎಲ್ಲರೂ ಈ ಉದಾಹರಣೆಯನ್ನೇ ಬರೆಯುತ್ತೇವೆ. ನನಗೆ ಈಗ ದಾದಿಯ ಫುಟ್‌ಪಾತ್ ನೆನಪಾಗುತ್ತದೆ. ಗಾಡಿ ನಿಲ್ಲಲು ಕಂಪನಿಗೆ ಗೋಡೌನ್ ಬೇಕಿತ್ತು, ಗೋಡೌನಿಗೆ ಬಾಡಿಗೆ ಕೊಡಬೇಕಿತ್ತು. ಫುಟ್‌ಪಾತ್ ಪುಕ್ಕಟೆ ಸಿಕ್ಕರೆ ಆ ಬಾಡಿಗೆಯನ್ನು ರಸ್ತೆಗೆ ಇಳಿದು ನಡೆಯುವವರು ಕಟ್ಟುತ್ತಾರೆ.

ಒಂದು ಲೆಕ್ಕ ಹಾಕಿದೆ. ಇದು ನನ್ನ ಊಹೆಯ ಲೆಕ್ಕ, ಯಾವ ಇಲಾಖೆಯದೂ ಅಲ್ಲ. ಒಂದು ಗಾಡಿಗೆ ದಿನಕ್ಕೆ ಎರಡು ರೂಪಾಯಿ ಎಂದಿಟ್ಟುಕೊಳ್ಳಿ. ಸಾವಿರ ಗಾಡಿಗೆ ದಿನಕ್ಕೆ 2,000, ವರ್ಷಕ್ಕೆ 7,30,000 ರೂಪಾಯಿ. ಅದರಲ್ಲಿ ಬಣ್ಣ, ಕಂಬಿ, ಬೋರ್ಡು, ಬಿದ್ದ ಗಾಡಿ ಎತ್ತಿ ನಿಲ್ಲಿಸುವ ಒಬ್ಬಿಬ್ಬರ ಸಂಬಳ ಬರುತ್ತದೆ. ಗುರುತಿಸಿದ ಜಾಗ ಬಿಟ್ಟು ಬೇರೆಲ್ಲಿ ನಿಲ್ಲಿಸಿದರೂ ಆ್ಯಪ್‌ನಲ್ಲಿ ರೈಡ್ ಮುಗಿಯಬಾರದು. ಇದನ್ನು ಲಂಡನ್ನಿನ ಬಾಡಿಗೆ ಸ್ಕೂಟರ್ ಪ್ರಯೋಗದಲ್ಲಿ 2021ರಿಂದ ಮಾಡುತ್ತಿದ್ದಾರೆ. ಆದರೆ ಲಂಡನ್ನಿನಲ್ಲಿ ಒಂದು ತೊಡಕು: ಅಲ್ಲಿನ ಬರೋಗಳಲ್ಲಿ, ಅಂದರೆ ಸ್ಥಳೀಯ ಆಡಳಿತಗಳಲ್ಲಿ, ಕೆಲವು ಮಾತ್ರ ಯೋಜನೆಗೆ ಸೇರಿವೆ. ಸೇರದ ಬರೋ ಬಂದರೆ ಗಾಡಿ ಮುಂದಕ್ಕೆ ಹೋಗುವುದಿಲ್ಲ. ಬೆಂಗಳೂರಿಗೂ 2025ರ ಸೆಪ್ಟೆಂಬರಿನಿಂದ ಐದು ನಗರ ಪಾಲಿಕೆಗಳಿವೆ. ಅಣ್ಣನ ಒಂದು ಆರ್ಡರ್ ಎರಡು ಪಾಲಿಕೆ ದಾಟಬಹುದು. ಐದು ಪಾಲಿಕೆಗೆ ಐದು ನಿಯಮ ಬಂದರೆ ಬಿರಿಯಾನಿ ಗಡಿಯಲ್ಲೇ ಆರುತ್ತದೆ.

ಇನ್ಶೂರೆನ್ಸ್ ವಿಷಯದಲ್ಲಿ ಮಾತ್ರ ನಾನು ಅಣ್ಣನ ವಿರುದ್ಧ. ಜರ್ಮನಿಯಲ್ಲಿ 2019ರಿಂದ ಗಂಟೆಗೆ 20 ಕಿ.ಮೀ. ಓಡುವ ನಿಂತು ಓಡಿಸುವ ಸ್ಕೂಟರಿಗೂ ಇನ್ಶೂರೆನ್ಸ್ ಸ್ಟಿಕ್ಕರ್ ಕಡ್ಡಾಯ. ನಮ್ಮಲ್ಲಿ ಅಣ್ಣ ದಾದಿಯಂಥ ಒಬ್ಬರಿಗೆ ಗುದ್ದಿದರೆ ಆಸ್ಪತ್ರೆ ಬಿಲ್ಲು ಯಾರು ಕಟ್ಟುತ್ತಾರೆ? ಅಣ್ಣನಿಗೇ ಯಾರಾದರೂ ಗುದ್ದಿ ಓಡಿಹೋದರೆ? ಬಾಡಿಗೆಗೆ ಕೊಟ್ಟು ದುಡಿಯುವ ಗಾಡಿಗಾದರೂ ಇದು ಇರಬೇಕು, ಕಂಪನಿಯ ಹೆಸರಿನಲ್ಲಿ.

ಇದನ್ನೆಲ್ಲ ರಾತ್ರಿ ಊಟದ ಹೊತ್ತಿಗೆ ಅಣ್ಣನಿಗೆ ಓದಿ ಹೇಳಿದೆ. "ನೀನು ಎರಡು ರೂಪಾಯಿ ಅಂತೀಯ, ಅವರು ನನ್ನ ಹತ್ತಿರ ಹತ್ತು ಕೀಳ್ತಾರೆ" ಎಂದ. ಅದು ಸುಳ್ಳಲ್ಲ. ಶುಲ್ಕ ಹಾಕಿದರೆ ಕಂಪನಿ ಅದನ್ನು ಬಾಡಿಗೆಯಲ್ಲಿ ಸೇರಿಸುತ್ತದೆ, ಇನ್ಶೂರೆನ್ಸ್ ಸೇರಿದರೆ ಇನ್ನೂ ಏರುತ್ತದೆ. ಹಾಗಾಗಿ ವಾರದ ಬಾಡಿಗೆಯ ರಸೀದಿಯಲ್ಲಿ ನಗರದ ಶುಲ್ಕ ಎಷ್ಟು, ಇನ್ಶೂರೆನ್ಸ್ ಎಷ್ಟು ಎಂದು ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು ಎಂಬುದೂ ಅನುಮತಿಯ ಷರತ್ತಾಗಬೇಕು. ಆಗ ಹತ್ತು ಕೀಳುವುದು ಕಾಣುತ್ತದೆ. ಅಣ್ಣ ಒಪ್ಪಲಿಲ್ಲ, ಸಾರು ಬಡಿಸಿಕೊಂಡ. ದಾದಿ ಮಾತ್ರ, "ಎರಡು ರೂಪಾಯಿ ನಾನೇ ಕೊಡ್ತೀನಿ, ಗಾಡಿ ನೆಟ್ಟಗೆ ನಿಲ್ಲಿಸು" ಎಂದರು.

ಕೊನೆಗೆ ನಮ್ಮ ಗೇಟಿನ ವಿಷಯ. ಬೆಳಗ್ಗೆ ಎಂಟೂವರೆಗೆ ಕಾಲೇಜಿನ ಮುಂದೆ ಇಂಥ ಗಾಡಿಗಳನ್ನು ಬಿಟ್ಟು ಓಡಿಬರುವವರು ನಾವೇ. ಗೇಟಿನ ಎಡಗಡೆ, ಹಳೆಯ ನೀರಿನ ತೊಟ್ಟಿಯ ಪಕ್ಕ ಕಾಂಪೌಂಡಿನೊಳಗೆ ಒಂದು ಕಾರಿನಷ್ಟು ಜಾಗ ಖಾಲಿ ಇದೆ, ಏಳೆಂಟು ಗಾಡಿ ನಿಲ್ಲಬಹುದು. ಅಲ್ಲಿ ಬಿಳಿ ಗೆರೆ ಎಳೆಸಿಕೊಡಿ, ಆ್ಯಪ್‌ನಲ್ಲಿ ಅದನ್ನೇ ನಿಲ್ದಾಣವಾಗಿ ತೋರಿಸುವಂತೆ ಕಂಪನಿಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಯಿರಿ ಎಂದು ಪ್ರಾಂಶುಪಾಲರಿಗೆ ಅರ್ಜಿ ಸಿದ್ಧಪಡಿಸಿದ್ದೇವೆ. ಲೈಬ್ರರಿಯ ಕೌಂಟರಿನಲ್ಲಿ ಇಟ್ಟಿದ್ದೇವೆ. ಗುರುವಾರದವರೆಗೆ ಅಲ್ಲೇ ಇರುತ್ತದೆ, ಸಹಿ ಮಾಡುವವರು ಸೆಕ್ಷನ್ ಮತ್ತು ರೋಲ್ ನಂಬರ್ ಕೂಡ ಬರೆಯಿರಿ.